ವಾರಿಜ ಬಸ್ ಹತ್ತದ ಅಧ್ಯಾಯ

ಜೂನ್ 3, ಸಂಜೆ

ಜೆರಾಕ್ಸ್ ಅಂಗಡಿ ಮುಚ್ಚಿ ಬಂದೆ. ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. ನನಗಾಗಿ ಅಲ್ಲ, ವಾರಿಜಳಿಗಾಗಿ. ಸೀರಿಯಲ್‌ನಲ್ಲಿ ವಾರಿಜ ತವರಿಗೆ ಓಡಿ ಬಂದು, ಮತ್ತೆ ಬಸ್ ಹತ್ತಿ ಗಂಡನ ಮನೆಗೆ ಹೋಗಿ ಸತ್ತದ್ದು ಯುಗಾದಿ ಹೊತ್ತಿಗೆ. ಅದೇ ಪಾತ್ರ ಇಟ್ಟುಕೊಂಡು ನಾನು ಬರೆಯುವ ಫ್ಯಾನ್ ಫಿಕ್ಷನ್‌ನಲ್ಲಿ ಅವಳು ಇನ್ನೂ ತವರಲ್ಲೇ ಇದ್ದಾಳೆ. ಸೀರಿಯಲ್ ಅಭಿಮಾನಿಗಳ ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಅಜ್ಜಿಗೆ ಓದಬೇಕು, ಇಲ್ಲದಿದ್ದರೆ ಅವಳಿಗೆ ಮುದ್ದೆ ಇಳಿಯುವುದಿಲ್ಲ.

ವಾರಿಜ ಕಾಫಿ ಕುಡಿದಳು ಅಂತ ಓದಿದೆ.

"ಕಾಫಿ ಕುಡಿಯಾಕಿಲ್ಲ ಅವ್ಳು. ಬೆಲ್ಲದ ಟೀ."

"ಸೀರಿಯಲ್‌ನಲ್ಲಿ ಕುಡೀತಾಳಲ್ಲಜ್ಜಿ."

"ಅವ್ರಿಗೇನ್ ಗೊತ್ತು. ಬದಲಾಯ್ಸು."

ಬದಲಾಯಿಸಿದೆ. ಎಲ್ಲ ನರಸಮ್ಮಜ್ಜಿ ಡೈರೆಕ್ಷನ್.

ಜೂನ್ 7

ಗ್ರೂಪ್ ಅಡ್ಮಿನ್ ಚೈತ್ರ ಮೆಸೇಜ್ ಹಾಕಿದ್ದಾರೆ. ಶಿರಾದವರಂತೆ, ಮುಖ ನೋಡಿಲ್ಲ. 'ಬಿಂದುಶ್ರೀ, ನಿಮ್ಮ ಕಥೇಲಿ ಏನೂ ಆಗ್ತಿಲ್ಲ. ಬರೀ ಊಟ, ನಿದ್ದೆ, ತಲೆ ಬಾಚೋದು. ವಾರಿಜ ವಾರಿಜ ಥರಾನೇ ಇಲ್ಲ. ಕ್ವಾಲಿಟಿ ನೋಡ್ಕೊಳ್ಳಿ. ಮೂಲ ಕಥೆ ಮೀರೋ ಹಾಗಿಲ್ಲ, ಅವಳು ಬಸ್ ಹತ್ತಲೇಬೇಕು.'

ಮೈ ಉರಿಯಿತು. ಪುಕ್ಕಟೆ ಬರೆಯುವುದಕ್ಕೂ ರೂಲ್ಸು... ಆದರೆ ಅವರು ಹೇಳಿದ್ದು ಸುಳ್ಳಲ್ಲ. ಮೊದಲಿಂದ ಓದಿ ನೋಡಿದೆ. ಸೀರಿಯಲ್ ವಾರಿಜ ಬಾಯಾಳಿ. ನನ್ನವಳು ಮೆತ್ತಗೆ. ಎಡಗೈಯಲ್ಲಿ ರಂಗೋಲಿ ಬಿಡುತ್ತಾಳೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಯಾವುದೂ ನಾನು ಯೋಚಿಸಿ ಬರೆದದ್ದಲ್ಲ, ಅಜ್ಜಿ ಹೇಳಿಸಿದ್ದು.

ಹಲ್ಲು ಕಡಿಯುತ್ತೀಯ ಅಂತ ಅಜ್ಜಿ ದಿನಾ ಬೈಯುವುದು ನನ್ನನ್ನು.

ಜೂನ್ 8

ಇವತ್ತು ಅಜ್ಜಿ ಬಾಯಿ ತಪ್ಪಿ ವಾರಿಜಳನ್ನು "ಗಂಗಿ" ಅಂದಳು.

ಗಂಗರತ್ನ ನನ್ನ ಅಮ್ಮ. ನಾನು ಇನ್ನೂ ಹಾಲು ಕುಡಿಯುವ ಕೂಸು, ಆಗ ಜ್ವರ ಬಂದು ತೀರಿಹೋದಳಂತೆ. ಮನೆಯಲ್ಲಿ ಒಂದು ಫೋಟೋ ಇಲ್ಲ. ಅಜ್ಜಿ ಅವಳ ಮಾತೇ ಎತ್ತುವುದಿಲ್ಲ.

ಹಾಗಾದರೆ ಇಷ್ಟು ದಿನ ನಾನು ಯಾರನ್ನು... ಮುಖವೇ ಗೊತ್ತಿಲ್ಲದ ಅಮ್ಮನನ್ನು ದಿನಾ ಸಂಜೆ ಕರೆದು ಊಟಕ್ಕೆ ಕೂರಿಸುತ್ತಿದ್ದೇನೆ. ಕಥೆ ಓದುವ ನಡುಮನೆಗೆ ಕಾಲಿಡಲು ಭಯ. ಖುಷಿಯೂ ಇದೆ. ಎರಡೂ.

ಜೂನ್ 13

ಚೈತ್ರ ಅವರಿಂದ ಕೊನೇ ವಾರ್ನಿಂಗ್. ಭಾನುವಾರದೊಳಗೆ ಬಸ್ ಹತ್ತಿಸದಿದ್ದರೆ ಕಥೆ ತೆಗೆಯುತ್ತಾರಂತೆ. ತೆಗೆದರೆ ತೆಗೆಯಲಿ, ಕಾಪಿ ಇದೆ. ನನಗೆ ಬೇಕಾದದ್ದು ಬೇರೆ. ಬಸ್ ಅಂದರೆ ಸಾಕು, ಅಜ್ಜಿ "ಇವತ್ತೊಂದಿನ ಇರ್ಲಿ ಬುಡು" ಅಂತ ಎದ್ದು ಹೋಗುತ್ತಾಳೆ. ಅಮ್ಮನಿಗೆ ನಿಜಕ್ಕೂ ಏನಾಯಿತು ಅಂತ ನೇರ ಕೇಳಲು ಧೈರ್ಯ ಸಾಲದು. ಬಸ್ ಹತ್ತುವುದನ್ನೇ ಬರೆದು ಓದಿಬಿಡುತ್ತೇನೆ, ಅಜ್ಜಿ ಏನನ್ನುತ್ತಾಳೋ ನೋಡೋಣ.

ಜೂನ್ 15, ಮಧ್ಯಾಹ್ನ

ಓದಿದೆ. ಕೊಡಿಗೇನಹಳ್ಳಿ ಸ್ಟ್ಯಾಂಡು, ಹಿಂದೂಪುರದ ಬಸ್ಸು. ವಾರಿಜ ತಾನಾಗಿಯೇ ಹತ್ತಿದಳು ಅನ್ನುವಲ್ಲಿ ಅಜ್ಜಿ ಕೈ ಅಡ್ಡ ಹಿಡಿದಳು.

"ಅವ್ಳಾಗೇ ಹತ್ಲಿಲ್ಲ."

"ಸೀರಿಯಲ್‌ನಲ್ಲಿ ಅಂಗೇ ಅಜ್ಜಿ."

"ಗಂಡ ಹೊಡೀತಾನೆ ಅಂತ ಬಂದಿದ್ಲು. ಇನ್ನೊಂದಿನ ಇರ್ತೀನಿ ಕಣಮ್ಮ ಅಂದ್ಲು. ನಿನ್ನನ್ನ ಸೊಂಟದ್ಮ್ಯಾಲೆ ಕೂರಿಸ್ಕಂಡು ಸ್ಟ್ಯಾಂಡಲ್ಲಿ ಕಂಬ ಹಿಡ್ಕಂಬುಟ್ಟಿದ್ಲು. ಜನ ನೋಡ್ತಾವ್ರೆ ಅಂತ ನಾನೇ ಬೆರಳು ಬಿಡಿಸ್ದೆ. ಮಗೀನ ನಾನಿಟ್ಕೋತೀನಿ, ನೀನು ನಡಿ ಅಂದೆ. ವಾರ ತುಂಬ್ಲಿಲ್ಲ, ಗಂಡನ ಮನೆಯವ್ರ ಬಾವೀಲಿ ಸಿಕ್ಕಿದ್ಲು."

ಜ್ವರ ಅಲ್ಲ.

ಅಜ್ಜಿಯೇ ಅಂದಳು, "ಈಗ ಇದ್ದಂಗೆ ಬರಿ. ನಾನ್ ಮಾಡಿದ್ದು ಬರಿ."

ಜೂನ್ 16, ಭಾನುವಾರ

ಚೈತ್ರ: 'ಇನ್ನೂ ಹಾಕಿಲ್ವಾ?'

ಅಜ್ಜಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ತಿನ್ನು ಅಂತ ನಾನೂ ಹೇಳಿಲ್ಲ. ಅವಳ ಮೇಲೆ ವಿಪರೀತ ಕೋಪ. ನನ್ನನ್ನು ಸಾಕಿದ್ದೂ ಅದೇ ಕೈ, ಅದಕ್ಕೇ ಅಳು. ಇದ್ದದ್ದು ಇದ್ದ ಹಾಗೆ ಇರಬೇಕು — ಗ್ರೂಪಿನ ರೂಲ್ಸೂ ಅದೇ, ಈಗ ಅಜ್ಜಿಯದೂ ಅದೇ. ಸರಿ.

ವಾರಿಜ ಅನ್ನುವ ಹೆಸರು ಎಲ್ಲ ಕಡೆ ಅಳಿಸಿದೆ. ಬರೆಯುತ್ತಿದ್ದೇನೆ.

ಬಸ್ಸು ನಿಂತಿದೆ. ಅಮ್ಮ ಕಂಬ ಹಿಡಿದಿದ್ದಾಳೆ. ನಾನು ಅವಳ ಸೊಂಟದ ಮೇಲೆ. ಅಜ್ಜಿ ಅವಳ ಬೆರಳು ಒಂದೊಂದಾಗಿ ಬಿಡಿಸುತ್ತಿದ್ದಾಳೆ. ಕಿರುಬೆರಳು ಒಂದು ಉಳಿದಿದೆ. ಅದನ್ನು...