ಹಮ್ಮೂರಿಗೊಂದು ಅಗ್ಗದ ರೀಲು

ನವೆಂಬರ್ 1, ಶುಕ್ರವಾರ

ಜುಮಾ ಮುಗಿಸಿ ಐನ್ ಖಾಲಿದ್‌ಗೆ, ಮಗಳ ಮನೆಗೆ. ಮಿಸ್ರಿಯಾ ಮೀನು ಬಿರಿಯಾನಿ ಮಾಡಿದ್ದಳು. ಮೀನು ಐಸಿನದ್ದು, ವಾಸನೆ. ಹೇಳಿದೆ. ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ.

ಸಂಜೆ ಅಳಿಯ ಸಫ್ವಾನ್ ಜೊತೆ ಗಾಳದ ಅಂಗಡಿಗೆ. ಹೋದ ವಾರ ಸಮುದ್ರದ ಕಲ್ಲುದಂಡೆಯಲ್ಲಿ ಎರಡು ಹಮ್ಮೂರ್ ಕೈತಪ್ಪಿವೆ. ಗಾಳ ನುಂಗಿದ ತಕ್ಷಣ ಕಲ್ಲಿನ ಸಂದಿಗೆ ನುಗ್ಗುತ್ತದೆ ಹರಾಮಿ ಮೀನು. ಒಳಗೆ ಹೋದರೆ ಮುಗಿಯಿತು, ನೂಲು ಕಲ್ಲಿಗೆ ಉಜ್ಜಿ ಕಡಿಯುತ್ತದೆ. ಹೋಗುವ ಮೊದಲೇ ಎಳೆಯಬೇಕು. ನೂಲು ಸುತ್ತುವ ನನ್ನ ಹಳೆಯ ರೀಲಿಗೆ ಆ ತಾಕತ್ತಿಲ್ಲ. ಬೇಟ್‌ಕಾಸ್ಟರ್ ಬೇಕು ಎಂದ ಸಫ್ವಾನ್. ವೆಸ್ಟ್ ಬೇಯಲ್ಲಿ ಆಫೀಸು ಅವನಿಗೆ. ಇಡೀ ದಿನ ಫೋನಿನಲ್ಲಿ ಇದನ್ನೇ ನೋಡುತ್ತಾನೆ ಅಂತ ಕಾಣುತ್ತದೆ.

ಅಂಗಡಿಯ ಸೇಲ್ಸ್‌ಮನ್ ಆಂಟನಿ, ಊರಿನ ಕಿನ್ನಿಗೋಳಿ ಕಡೆಯ ಪೊರ್ಬು, ಕ್ರಿಶ್ಚಿಯನ್. ರೀಲು ಕೈಗೆ ಕೊಟ್ಟ. ನೋಡಿದರೆ ಇದು ವಿಂಚೇ! ಡ್ರಮ್ ಅಡ್ಡಕ್ಕೆ, ನೂಲು ನೇರ ಸುತ್ತಿಕೊಳ್ಳುತ್ತದೆ. ನನ್ನ ಕ್ರೇನಿನಲ್ಲಿ ಹಗ್ಗ ಸುತ್ತುವ ವಿಂಚನ್ನು ಮುಷ್ಟಿಯೊಳಗೆ ಹಿಡಿಸಿದ ಹಾಗೆ.

"ಬ್ಯಾರಿಗಳೇ, ಸ್ವಲ್ಪ ಹೆಚ್ಚು ಹಾಕಿ ಮೆಟಲ್ ಬಾಡಿಯದ್ದು ತಗೊಳ್ಳಿ. ಕಲ್ಲಿನೆಡೆಯಿಂದ ಎಳೆಯುವಾಗ ಪ್ಲಾಸ್ಟಿಕ್ ಬಗ್ತದೆ. ಮತ್ತೆ ಎಸೆಯುವಾಗ ಹೆಬ್ಬೆರಳು ಡ್ರಮ್ಮಿನ ಮೇಲೆಯೇ ಇರಬೇಕು. ಸೀಸದ ಗುಂಡು ನೀರಿಗೆ ಬಿದ್ದ ಕೂಡಲೇ ಒತ್ತಿ ಹಿಡಿಯಬೇಕು. ಇಲ್ಲದಿದ್ರೆ ಡ್ರಮ್ ತಿರುಗ್ತಾನೇ ಇರ್ತದೆ, ನೂಲು—"

"ಪೊರ್ಬುಗಳೇ, ಗಲ್ಫಿಗೆ ಬಂದು ಮೂವತ್ತು ವರ್ಷದಿಂದ ಮೆಸಯೀದಿನಲ್ಲಿ ಕ್ರೇನ್ ಓಡಿಸುವವ ನಾನು. ವಿಂಚು ನೀವು ಕಲಿಸುವುದಾ ನನಗೆ?"

ಆಂಟನಿ ನಕ್ಕ. ಪ್ಲಾಸ್ಟಿಕ್ಕಿನದ್ದೇ ತಂದೆ. ಅರ್ಧ ಬೆಲೆ.

ನವೆಂಬರ್ 2, ಶನಿವಾರ

ರೀಲು ದರಿದ್ರ. ಮೊದಲ ಎಸೆತಕ್ಕೇ ನೂಲು ಉಕ್ಕಿ ಬಂದು ಕಾಗೆ ಗೂಡಿನ ಹಾಗಾಯಿತು. ಬಿಡಿಸಿದೆ. ಮತ್ತೆ ಎಸೆದೆ. ಮತ್ತೆ ಗೂಡು. ಪಕ್ಕದಲ್ಲಿ ಒಬ್ಬ ಫಿಲಿಪ್ಪೀನಿ ಇಂಥದ್ದೇ ರೀಲಿನಲ್ಲಿ ಹಮ್ಮೂರ್ ಎಳೆದ. ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲವೆಂದೂ ಸಿಟ್ಟು ಬಂತು.

ನವೆಂಬರ್ 4, ಸೋಮವಾರ

ಡ್ಯೂಟಿ ಮುಗಿಸಿ ಸೀದಾ ಅಂಗಡಿಗೆ. ಗಿರಾಕಿಗಳು ತುಂಬಿದ್ದರು. ತುಂಬಿದ್ದರೆ ನನಗೇನು. ಯಾರೋ ವಾಪಸ್ ಕೊಟ್ಟ ಮಾಲು ನನಗೆ ಕಟ್ಟಿದ್ದೀರಿ, ಊರಿನವ ಎಂದು ನಂಬಿದ್ದಕ್ಕೆ ಟೋಪಿ ಹಾಕಿದಿರಿ ಎಂದೆ. ದೊಡ್ಡ ಸ್ವರದಲ್ಲೇ ಎಂದೆ.

ಆಂಟನಿ ರೀಲು ಎತ್ತಿಕೊಂಡ. ಹೊರಗೆ ಬಂದು ಪಾರ್ಕಿಂಗಿನಲ್ಲಿ ಅದೇ ರೀಲಿನಿಂದ ಎಸೆದು ತೋರಿಸಿದ. ಸೀಸ ನೇರ ಹೋಯಿತು, ಬಿತ್ತು, ನಿಂತಿತು. ಒಂದು ಎಳೆ ಉಕ್ಕಲಿಲ್ಲ.

"ಹೆಬ್ಬೆರಳು, ಬ್ಯಾರಿಗಳೇ. ನೂಲು ಬೆರಳಿಗೆ ಗೊತ್ತಾಗ್ತದೆ."

"ನನ್ನ ಹೆಬ್ಬೆರಳು ಎಂತ ಊರಿಗೆ ಹೋಗಿತ್ತಾ?"

ವಾಪಸ್ ಒಳಗೆ ಹೋದಾಗ ಮ್ಯಾನೇಜರ್ ಬಂದ. ಗಿರಾಕಿಗಳೆದುರೇ ಆಂಟನಿಗೆ ಬೈದ. ನನಗೆ 'ಖಲಾಸ್ ಚಾಚಾ, ಖಲಾಸ್' ಎಂದು ಬೆನ್ನು ಸವರಿದ. ಹೆಚ್ಚಿಗೆ ಹಾಕಿ ಮೆಟಲ್ಲಿನದ್ದು ತಂದೆ. ಗೆದ್ದ ಹಾಗೆ ಅನ್ನಿಸಬೇಕಿತ್ತು.

ನವೆಂಬರ್ 5, ಮಂಗಳವಾರ

ಮೆಟಲ್ಲಿನದ್ದೂ ಅದೇ ಕಥೆ. ಬ್ರೇಕಿನ ತಿರುಪು ಪೂರ್ತಿ ಬಿಗಿದೆ. ಸೀಸ ಕಾಲಬುಡದಲ್ಲೇ ಬೀಳುತ್ತದೆ. ಸಡಿಲಿಸಿದರೆ ಗೂಡು.

ಬೆಳಿಗ್ಗೆ ಚಾದ ಗ್ಲಾಸು ಕೈಯಿಂದ ಜಾರಿತು. ಬೆರಳು ಜುಮ್ ಎನ್ನುವುದು ಬೇಸಿಗೆಯಿಂದ ಉಂಟು. ಕ್ಯಾಬಿನ್ನಿನ ಎಸಿ ಹೆಚ್ಚಾಯಿತು.

ನವೆಂಬರ್ 6, ಬುಧವಾರ

ಇವತ್ತು ಅಲ್ಲಾಹು ಕಾಪಾಡಿದ.

ದೊಡ್ಡ ಪೈಪು ಇಳಿಸುತ್ತಿದ್ದೆ. ಕೆಳಗೆ ನಿಂತು ಕೈ ತೋರಿಸುವವನು ಇಸ್ಮಾಯಿಲ್, ನಮ್ಮ ಉಪ್ಪಿನಂಗಡಿಯವ. ನಿಲ್ಲಿಸು ಎಂದ. ಲಿವರ್ ಹಿಂದಕ್ಕೆ ತಂದೆ. ಪೈಪು ನಿಲ್ಲಲಿಲ್ಲ. ಮೆಲ್ಲನೆ ಇಳಿಯುತ್ತಲೇ ಇತ್ತು. ಅವನು ಕಾಲು ಎಳೆದುಕೊಂಡ. ಒಂದು ಗೇಣು ತಪ್ಪಿದ್ದರೆ ಕಾಲು ಇರುತ್ತಿರಲಿಲ್ಲ. ಕೆಳಗಿದ್ದ ವಾಲ್ವ್ ಚಪ್ಪಟೆ.

ಎಲ್ಲರೂ ಓಡಿ ಬಂದರು. ಏನಾಯಿತು ಎಂದರು. ಬಾಯಿಗೆ ಬಂದದ್ದು ಹೇಳಿದೆ — ಅವನು ತಡವಾಗಿ ತೋರಿಸಿದ.

ತಡವಾಗಿಯೇ ತೋರಿಸಿರಬೇಕು.

ನವೆಂಬರ್ 7, ಗುರುವಾರ

ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗ್. ಕೆಲಸ ಶುರುವಾಗುವ ಮೊದಲು ಎಲ್ಲರೂ ಸಾಲು ನಿಲ್ಲುವುದು. ಸೇಫ್ಟಿಯ ಗಿರಿಧರ್ ಸರ್ ನನ್ನನ್ನು ಮುಂದೆ ಕರೆದು ನೀವೇ ಹೇಳಿ ಎಂದರು. ನೂರು ಜನರೆದುರು ಹಿಂದಿಯಲ್ಲಿ ಹೇಳಿದೆ: ಸಿಗ್ನಲ್ ಲೇಟ್. ಇಸ್ಮಾಯಿಲ್ ನೆಲ ನೋಡುತ್ತಿದ್ದ. ಅವನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದ್ದು ನಾನಲ್ಲವಾ, ಎದುರಾಡುತ್ತಾನಾ.

ಅವನಿಗೆ ವಾರ್ನಿಂಗ್. ಕೈ ತೋರಿಸುವ ಕೆಲಸದಿಂದ ತೆಗೆದರು. ಈಗ ಯಾರ್ಡ್ ಗುಡಿಸಬೇಕು. ಬರುವ ತಿಂಗಳು ಕಾಂಟ್ರಾಕ್ಟ್ ಮುಗಿಯುತ್ತದೆ. ಮುಂದುವರಿಸುವುದು ಕಷ್ಟ ಎನ್ನುತ್ತಿದ್ದಾರೆ.

ನವೆಂಬರ್ 8, ಶುಕ್ರವಾರ

ಸಫ್ವಾನ್ ಜೊತೆ ಕಲ್ಲುದಂಡೆಗೆ. ಅವನು ನನ್ನ ರೀಲಿನಿಂದ ಎಸೆದ. ಚೆನ್ನಾಗಿ ಹೋಯಿತು. ಕೊಡು ಇಲ್ಲಿ ಎಂದು ಕಿತ್ತುಕೊಂಡೆ. ಈ ಸಲ ಬೆರಳನ್ನು ಒತ್ತಿಯೇ ಹಿಡಿದೆ. ಹಿಡಿದೇ ಎಸೆದೆ.

"ಮಾಮ... ರಕ್ತ!"

"ಎಲ್ಲಿ?"

"ನಿಮ್ಮ ಬೆರಳು ನೋಡಿ ಮಾಮ!"

ನೋಡಿದೆ. ಹೆಬ್ಬೆರಳಿನ ಚರ್ಮ ಸುಲಿದಿತ್ತು. ಬಿಳಿ ನೂಲು ಡ್ರಮ್ಮಿನಲ್ಲಿ ಕೆಂಪಾಗಿತ್ತು. ಓಡುವ ನೂಲು ಕೊಯ್ದಿದೆ. ನನಗೆ ಗೊತ್ತೇ ಆಗಲಿಲ್ಲ. ನೋವಿಲ್ಲ. ಉರಿ ಇಲ್ಲ. ಬೇರೆ ಯಾರದೋ ಬೆರಳು.

ಕಲ್ಲಿನ ಮೇಲೆ ಕೂತೆ. ಸಫ್ವಾನ್ ಕರ್ಚೀಫ್ ಕಟ್ಟುತ್ತಿದ್ದ. ನನ್ನ ಮನಸ್ಸು ಕ್ರೇನಿನ ಕ್ಯಾಬಿನ್ನಿನಲ್ಲಿತ್ತು. ಲಿವರಿನ ತಲೆಯಲ್ಲಿ ಒಂದು ಗುಂಡಿ ಉಂಟು. ವಿಂಚ್ ತಿರುಗುತ್ತಿದ್ದರೆ ಹೆಬ್ಬೆರಳಿಗೆ ಟಿಕ್ ಟಿಕ್ ಬಡಿಯುತ್ತದೆ. ಬಡಿತ ನಿಲ್ಲುವವರೆಗೆ ಲಿವರನ್ನು ಹಿಂದಕ್ಕೆ ತರುವುದು; ನಿಂತರೆ ವಿಂಚ್ ನಿಂತಿತು ಎಂದು ಲೆಕ್ಕ. ಬುಧವಾರ ಬಡಿತ ಇರಲಿಲ್ಲ. ನಿಂತಿತು ಎಂದುಕೊಂಡು ಲಿವರನ್ನು ಅರ್ಧಕ್ಕೇ ಬಿಟ್ಟೆ.

ಬಡಿಯುತ್ತಲೇ ಇತ್ತು.

ನವೆಂಬರ್ 14, ಗುರುವಾರ

ಜ್ವರ ಎಂದು ಸುಳ್ಳು ಹೇಳಿ ರಜೆ ಹಾಕಿದ್ದೆ. ಬರೆಯಲಿಲ್ಲ. ಎಂತ ಬರೆಯುವುದು.

ಇವತ್ತು ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಕಣ್ಣು ಮುಚ್ಚಲು ಹೇಳಿದರು. ಸೂಜಿ ಚುಚ್ಚುತ್ತೇನೆ, ಗೊತ್ತಾದರೆ ಹೇಳಿ ಎಂದರು. ಕಾದೆ. ಚುಚ್ಚಿ ಡಾಕ್ಟರೇ ಎಂದೆ. ನಾಲ್ಕು ಸಲ ಚುಚ್ಚಿ ಆಯಿತು ಎಂದರು. ಶುಗರ್, ಮಣಿಕಟ್ಟಿನಲ್ಲಿ ನರ ಒತ್ತಿದೆ. ಕ್ರೇನ್ ಮುಟ್ಟಬಾರದು.

ಅಲ್ಲಿಂದ ಗಿರಿಧರ್ ಸರ್ ಹತ್ತಿರ. ಬೆರಳು ತೋರಿಸಿದೆ. ಎಲ್ಲ ಹೇಳಿದೆ. ಇಸ್ಮಾಯಿಲನ ತಪ್ಪಿಲ್ಲ ಎಂದೂ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದರು.

"ನೋಡಿ ಪಕೀರಬ್ಬ ಅವರೇ, ನೀವು ಮೆಡಿಕಲ್ ಮೇಲೆ ಮರ್ಯಾದೆಯಾಗಿ ಕೆಲಸದಿಂದ ಇಳ್ಕೊಳ್ಳಿ. ಸನ್ಮಾನ ಮಾಡಿ ಕಳಿಸ್ತೀವಿ. ಆ ವಾಲ್ವ್ ವಿಷಯ ಕ್ಲೋಸ್ ಆಗಿದೆ. ಮತ್ತೆ ಕೆದಕಿದ್ರೆ ನಿಮ್ಮ ಹೆಸರೂ ಹೋಗುತ್ತೆ, ನನ್ನ ರಿಪೋರ್ಟೂ ಸುಳ್ಳಾಗುತ್ತೆ."

"ಇಸ್ಮಾಯಿಲ್, ಸರ್?"

"ಅವನಿಗೆ ಇನ್ನೂ ವಯಸ್ಸಿದೆ ಬಿಡಿ. ಬೇರೆ ಕಡೆ ಸಿಗುತ್ತೆ."

ಹೂಂ ಎಂದು ಹೊರಗೆ ಬಂದೆ. ಎದೆ ಹಗುರವಾಯಿತು. ಆ ಹಗುರಕ್ಕೇ ಈಗ ನಾಚಿಕೆ.

ನವೆಂಬರ್ 15, ಶುಕ್ರವಾರ

ಆಂಟನಿ ಹತ್ತಿರ ಹೋದೆ. ಗಿರಾಕಿಗಳಿದ್ದರು. ಸನ್ನೆ ಮಾಡಿ ಹೊರಗೆ ಕರೆದೆ. ಕಾರುಗಳ ನಡುವೆ ನಿಂತು ಬೆರಳು ತೋರಿಸಿದೆ. ರೀಲು ಸರಿ ಇತ್ತು, ತಪ್ಪು ನನ್ನದೇ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದೆ.

ಅವನು ಬ್ಯಾಂಡೇಜ್ ನೋಡಿದ. "ಛೆ. ಈ ಬೆರಳಿಗೆ ಬೇಟ್‌ಕಾಸ್ಟರ್ ಆಗುವುದೇ ಇಲ್ಲ. ನಿಮ್ಮ ಹಳೆಯದರಂಥ ಸ್ಪಿನ್ನಿಂಗ್ ರೀಲಿನಲ್ಲೇ ದೊಡ್ಡ ಸೈಜ್ ಉಂಟು, ನೂಲು ದಪ್ಪದ್ದು ಹಾಕಿ ಕೊಡ್ತೇನೆ. ಎಸೆಯುವಾಗ ಹೆಬ್ಬೆರಳಿನ ಕೆಲಸ ಇಲ್ಲ. ಹಮ್ಮೂರನ್ನು ಎಳೆಯುವ ತಾಕತ್ತೂ ಉಂಟು." ಒಳಗೆ ಹೋಗಲು ತಿರುಗಿದವ ನಿಂತ. "ಆದರೆ ಬ್ಯಾರಿಗಳೇ... ಬೈದದ್ದು ಕೌಂಟರಿನಲ್ಲಿ. ತಪ್ಪಾಯ್ತು ಅನ್ನುವುದು ಪಾರ್ಕಿಂಗಿನಲ್ಲಾ?"

ನಗುತ್ತಲೇ ಹೇಳಿದ. ಕಪಾಳಕ್ಕೆ ಹೊಡೆದಿದ್ದರೆ ವಾಸಿ. ಅವನ ಹಿಂದೆಯೇ ಒಳಗೆ ಹೋದೆ. ಕೌಂಟರಿನ ಮುಂದೆ, ಮ್ಯಾನೇಜರಿಗೂ ಗಿರಾಕಿಗಳಿಗೂ ಕೇಳುವ ಹಾಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಕೌಂಟರ್ ಹಿಡಿದು ನಿಂತಿದ್ದೆ. ಆರು ಜನ ಇದ್ದಿರಬಹುದು, ಅಷ್ಟಕ್ಕೇ.

ನವೆಂಬರ್ 16, ಶನಿವಾರ, ಸಂಜೆ

ಇಸ್ಮಾಯಿಲ್ ರೂಮಿಗೆ ಬಂದಿದ್ದ. ಜ್ವರ ಎಂದು ಕೇಳಿ ಕಿತ್ತಳೆ ತಂದಿದ್ದ.

"ಪಕೀರಾಕ, ಒಂದು ಕೇಳಲಿಕ್ಕುಂಟು. ಕನ್ನಡಿ ಎದುರು ನಿಂತು ನೋಡಿದೆ. ಸ್ಟಾಪ್ ತೋರಿಸುವಾಗ ನನ್ನ ಕೈ ಸರಿ ಇಲ್ಲವಾ ಅಂತ ಡೌಟ್. ನೀವು ಮೇಲಿನಿಂದ ನೋಡಿದವರು. ಒಮ್ಮೆ ಹೇಳಿ."

ರೂಮಿನ ನಡುವೆ ನಿಂತ. ಕೈ ಚಾಚಿದ, ಅಂಗೈ ಕೆಳಗೆ, ಅಡ್ಡಕ್ಕೆ ಬೀಸಿದ. ಗೆರೆ ಎಳೆದ ಹಾಗೆ. ಅಷ್ಟು ಸರಿಯಾಗಿ ತೋರಿಸುವವರನ್ನು ಈ ಮೂವತ್ತು ವರ್ಷದಲ್ಲಿ ಹೆಚ್ಚು ಕಂಡಿಲ್ಲ.

"ಸರಿ ಉಂಟಾ?"

ಆಗಲೇ ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು. ಅವನು ಕ್ಷಮಿಸಿಯೂ ಬಿಡುತ್ತಿದ್ದ, ಯಾರಿಗೂ ಹೇಳದೆ ಹಾಗೆಯೇ ಗುಡಿಸುತ್ತಲೂ ಇರುತ್ತಿದ್ದ.

"ನಾಳೆ ಮೀಟಿಂಗಿಗೆ ಮುಂದಿನ ಸಾಲಿನಲ್ಲಿ ನಿಲ್ಲು," ಎಂದೆ.

"ಎಂತಕ್ಕೆ? ಗುಡಿಸುವವರು ಹಿಂದೆ ಅಲ್ಲವಾ?"

"ನಿಲ್ಲು ಎಂದರೆ ನಿಲ್ಲು ಮಾರಾಯ!"

ಹೆದರಿ ಹೋದ. ಇದಕ್ಕೂ ಬೈಯಬೇಕಿತ್ತಾ ನಾನು.

ನವೆಂಬರ್ 17, ಭಾನುವಾರ, ಬೆಳಿಗ್ಗೆ

ಯಾರ್ಡ್. ಬಸ್ಸಿನಲ್ಲೇ ಕೂತಿದ್ದೇನೆ. ಹೊರಗೆ ಸಾಲು ನಿಲ್ಲುತ್ತಿದ್ದಾರೆ. ಇಸ್ಮಾಯಿಲ್ ಮುಂದೆ ಬಂದಿದ್ದಾನೆ, ಪೊರಕೆ ಬೆನ್ನ ಹಿಂದೆ ಹಿಡಿದುಕೊಂಡು. ಗಿರಿಧರ್ ಸರ್ ಬಸ್ಸಿನ ಕಿಟಕಿಯಲ್ಲಿ ನನ್ನನ್ನು ಕಂಡರು. ಬೇಡ ಎಂದು ತಲೆ ಆಡಿಸಿದರು.

ಹಿಂದಿಯಲ್ಲೇ ಹೇಳಬೇಕು. ಉದ್ದ ಮಾಡಬಾರದು. ಶುಗರ್, ನರ, ಡಾಕ್ಟರ್ ಮೊದಲು ಬರಬಾರದು, ಬಂದರೆ ಅಯ್ಯೋ ಪಾಪ ಎನ್ನುತ್ತಾರೆ. ಮೊದಲ ಮಾತು ಇಷ್ಟೇ: ಇಸ್ಮಾಯಿಲ್ ಹೊತ್ತಿಗೆ ಸರಿಯಾಗಿ ನಿಲ್ಲಿಸು ಎಂದ. ನಿಲ್ಲಿಸದವನು ನಾನು. ಸಾಲು ಆಯಿತು, ಇಳಿಯುತ್ತೇನೆ.