ಹದಿನಾಲ್ಕನೆಯ ಪ್ರಶ್ನೆ

ಜುಲೈ 3

ಇವತ್ತೂ ಮುನ್ನೂರು ಫಾರಂ. ಬೆನ್ನು ಬಿದ್ದುಹೋಯಿತು. ಮಕ್ಕಳ ಕ್ಷೇಮ ಸಮೀಕ್ಷೆ — ಹೆಸರೇನೋ ದೊಡ್ಡದು. ನನ್ನ ಕೆಲಸ ಇಷ್ಟೇ: ಶಾಲೆಗಳಿಂದ ತಿಂಗಳಿಗೊಮ್ಮೆ ಬರುವ ಹಾಳೆ ತಿರುವಿ, ಸರಿ ಇದ್ದದ್ದನ್ನು ಕಂಪ್ಯೂಟರಿಗೆ ಹಾಕುವುದು, ಸರಿ ಇಲ್ಲದ್ದನ್ನು ರಟ್ಟಿನ ಪೆಟ್ಟಿಗೆಗೆ.

ಇಪ್ಪತ್ತು ಸಾಲು. ಹತ್ತೊಂಬತ್ತು ಶಾಲೆಯ ಬಗ್ಗೆ — ಶಾಲೆಗೆ ಬರಲು ಇಷ್ಟ, ಪಾಠ ತಿಳಿಯುತ್ತದೆ, ಆಟಕ್ಕೆ ಜೊತೆ ಇದೆ... ಹದಿನಾಲ್ಕನೆಯದು ಮಾತ್ರ ಬೇರೆ: ‘ಮನೆಗೆ ಹೋಗಲು ನನಗೆ ಭಯವಾಗುತ್ತದೆ.’ ಓದದೆ ಸರಸರನೆ ‘ಯಾವಾಗಲೂ’ ಎಂದು ಗೀಚಿಕೊಂಡು ಹೋಗುವವರನ್ನು ಹಿಡಿಯಲು ಸಾಹೇಬರು ಹೂಡಿದ ಉಪಾಯ. ಇಪ್ಪತ್ತೂ ‘ಯಾವಾಗಲೂ’ ಆದರೆ ಕೆಂಪು ಸೀಲು. ಅಮಾನ್ಯ.

ಇವತ್ತು ಒಂಬತ್ತು ಸಿಕ್ಕಿಬಿದ್ದವು. ಹಾಳೆಯಲ್ಲಿ ಹೆಸರಿಲ್ಲ, ನಂಬರು ಮಾತ್ರ. ಅದರಲ್ಲಿ 412, ಹೆಣ್ಣು, ಐದನೇ ತರಗತಿ. ಮೇಲಿನಿಂದ ಕೆಳಗೆ ದಾರ ಹಿಡಿದ ಹಾಗೆ ಗುರುತು. ಸೋಮಾರಿ ಹುಡುಗಿ. ನನ್ನ ಕಣ್ಣಿಗೆ ಮಣ್ಣೆರಚಲು ಅವರಪ್ಪನ ಕೈಯಲ್ಲೂ ಆಗದು.

ಆಗಸ್ಟ್ 5

412 ಮತ್ತೆ. ಅದೇ ಇಪ್ಪತ್ತು ‘ಯಾವಾಗಲೂ’. ಹದಿನಾಲ್ಕರಲ್ಲಿ ಪೆನ್ಸಿಲ್ ಎಷ್ಟು ಒತ್ತಿದ್ದಾಳೆಂದರೆ ಕಾಗದ ಹರಿದಿದೆ. ಸೀಲು. ಹರಿದ ಫಾರಂಗೆ ಬೇರೆ ಕಾಲಂ ಇದೆ, ಅದನ್ನೂ ತುಂಬಿದೆ. ಅಮಾನ್ಯವಾದ ನಂಬರುಗಳ ಪಟ್ಟಿ ಶಾಲೆಗೆ ಹೋಗುತ್ತದೆ. ಟೀಚರಿಂದ ಚೆನ್ನಾಗಿ ಮಂಗಳಾರತಿ ಆಗುತ್ತದೆ. ಆಗಲಿ.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿ ನಕ್ಕೆ. ಅಮ್ಮ ನಗಲಿಲ್ಲ.

“ಶಾಲೆ ಅಂದ್ರೆ ಇಷ್ಟ, ಮನೆ ಅಂದ್ರೆ ಭಯ. ಎರಡೂ ನಿಜ ಇರಬಾರ್ದಾ?”

“ನಿಯಮ ಇದೆ ಅಮ್ಮ.”

“ನಿಯಮ ಮಾಡ್ದೋನಿಗೆ ಮಕ್ಕಳಿದಾವಾ?”

ತಟ್ಟೆ ಎತ್ತಿಕೊಂಡು ಎದ್ದುಬಿಟ್ಟೆ. ಸಿಟ್ಟು ಬಂದಿತ್ತು.

ಸೆಪ್ಟೆಂಬರ್ 4, ಬೆಳಿಗ್ಗೆ 11

ಸೀಲು ಒತ್ತಿ ಆದಮೇಲೆ ನೋಡಿದೆ. 412. ಹದಿನಾಲ್ಕರ ಪಕ್ಕ, ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರ:

‘ಓದಿಯೇ ಹಾಕಿದ್ದೇನೆ.’

ಕೆಂಪು ಇನ್ನೂ ಒಣಗಿರಲಿಲ್ಲ. ಬೆರಳಲ್ಲಿ ಒರೆಸಲು ಹೋದೆ. ಅಕ್ಷರದ ಮೇಲೆಯೇ ಹರಡಿತು.

ಸಂಜೆ 5

ಪೆಟ್ಟಿಗೆ ಬುಡಮೇಲು ಮಾಡಿ ಹಿಂದಿನ ಎರಡನ್ನೂ ಹುಡುಕಿದೆ. ಮೂರನ್ನೂ ಸಾಹೇಬರ ಮೇಜಿನ ಮೇಲಿಟ್ಟೆ.

“ಅಮಾನ್ಯ ಅಂದ್ಮೇಲೆ ಉತ್ತರನೇ ಬಂದಿಲ್ಲ ಅಂತ ಅರ್ಥ,” ಎಂದರು. “ಬರದೇ ಇರೋ ಉತ್ತರಕ್ಕೆ ಏನ್ ಕ್ರಮ ತಗೊಳ್ಳೋದು?”

“ಹೆಸರಾದ್ರೂ ಕೊಡಿ ಸರ್.”

“ಹೆಸರು ಯಾರಿಗೂ ಹೇಳಲ್ಲ ಅಂತ ಮಕ್ಕಳಿಗೆ ಮಾತು ಕೊಟ್ಟಿದೀವಿ.”

ಕೊಟ್ಟದ್ದು ನಿಜ. ಫಾರಂ ತಲೆಯಲ್ಲೇ ಅಚ್ಚಾಗಿದೆ. ಆದರೆ ನಂಬರು ಯಾರದೆಂದು ಶಾಲೆಗೆ ಗೊತ್ತು. ಕಾರಿಡಾರಿಗೆ ಹೋಗಿ ಫೋನ್ ಮಾಡಿದೆ. ಕ್ಲಾಸ್ ಟೀಚರ್ ಸಿಕ್ಕರು.

“ಅವಳಾ ಮೇಡಂ? ಚಿನ್ನದಂಥಾ ಮಗು. ಬೆಲ್ ಆದ್ರೂ ಮನೆಗೆ ಓಡಲ್ಲ. ಬೋರ್ಡ್ ಒರೆಸಿ, ಬೆಂಚ್ ಎಲ್ಲಾ ಸರಿ ಮಾಡಿ, ಕೊನೇಲಿ ಹೋಗ್ತಾಳೆ. ನಿಮ್ ಫಾರಂ ವಿಷಯದಲ್ಲಿ ಮಾತ್ರ ಮೊಂಡು. ಮುಂದಿನ ಸಲ ಪಕ್ಕದಲ್ಲೇ ಕೂತು ಸರಿ ಮಾಡಿಸ್ತೀನಿ, ತಲೆ ಕೆಡಿಸ್ಕೋಬೇಡಿ.”

“ಬೇಡ, ಸರಿ ಮಾಡಿಸ್ಬೇಡಿ...” ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಮತ್ತೆ ಮಾಡಲಿಲ್ಲ. ಮಾಡಿದ್ದರೆ ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು.

ಸೆಪ್ಟೆಂಬರ್ 19

ಹೋಗಿ ಬರಬೇಕು ಎಂದುಕೊಂಡೆ. ಹೋಗಲಿಲ್ಲ. “ಆ ಹುಡುಗಿ ವಿಷಯ ಏನಾಯ್ತು?” ಎಂದು ಅಮ್ಮ ದಿನಾ ಕೇಳುತ್ತಾಳೆ. ವಿಚಾರಿಸ್ತಿದಾರೆ ಎಂದೆ. ಹಸಿ ಸುಳ್ಳು.

ಅಕ್ಟೋಬರ್ 3

412 ಬಂತು. ಹತ್ತೊಂಬತ್ತು ‘ಯಾವಾಗಲೂ’. ಹದಿನಾಲ್ಕು — ‘ಎಂದೂ ಇಲ್ಲ’.

ಕಿಟಕಿಯ ಬೆಳಕಿಗೆ ಹಿಡಿದೆ. ‘ಯಾವಾಗಲೂ’ ಚೌಕದಲ್ಲಿ ರಬ್ಬರ್ ಉಜ್ಜಿದ ಕಲೆ. ಅಂಚಿನಲ್ಲಿ ಏನೂ ಬರೆದಿಲ್ಲ.

ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿಕೊಂಡಿತು. ನೂರಕ್ಕೆ ನೂರು. ಸಾಹೇಬರು ಹಿಂದಿನಿಂದ ಬಗ್ಗಿ ನೋಡಿದರು. “ನೋಡಿದ್ರಾ, ಮಗು ಚೆನ್ನಾಗೇ ಇದೆ. ಸುಮ್ನೆ ನನ್ ತಲೆ ತಿಂದ್ರಿ.”

ಮೂರು ತಿಂಗಳು ಹೇಳಿದಳು. ಮೂರು ಸಲವೂ ತಪ್ಪು ಎಂದು ಸೀಲು ಒತ್ತಿದೆ. ನಾಲ್ಕನೆಯ ಸಲ ನಮಗೆ ಬೇಕಾದ ಉತ್ತರ ಕಲಿತುಕೊಂಡಳು. ಇನ್ನು ಯಾರು ಕೇಳಿದರೂ ಇದನ್ನೇ ಹೇಳುತ್ತಾಳೆ. ನಾಚಿಕೆಯಾಗುತ್ತದೆ.

ಫಾರಂ ಆಫೀಸಿನಿಂದ ಹೊರಗೆ ಒಯ್ಯುವಂತಿಲ್ಲ. ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ.

ಅಕ್ಟೋಬರ್ 4, ಮಧ್ಯಾಹ್ನ 3.40

ರಜೆ ಹಾಕಿದ್ದೇನೆ. ಶಾಲೆಯ ಗೇಟಿನ ಎದುರಿನ ಕಟ್ಟೆ. ಅಮ್ಮ ಬೆಳಿಗ್ಗೆ ಒಂದೇ ಮಾತು ಹೇಳಿದಳು — “ಪೆನ್ನು ತೆಗೀಬೇಡ, ಅವಳ ಪಕ್ಕ ಕೂತ್ಕೋ.” ನೋಡಿದರೆ ಇಲ್ಲೂ ಪೆನ್ನು ಹಿಡಿದು ಕೂತಿದ್ದೇನೆ.

4.05

ಬೆಲ್ ಆಯಿತು. ಮಕ್ಕಳೆಲ್ಲ ಬಾಣದ ಹಾಗೆ ಹೋದರು. ಮೈದಾನ ಖಾಲಿ. ಕೆಳಗಿನ ಸಾಲು, ಮೂರನೇ ಕಿಟಕಿ — ಒಂದು ಸಣ್ಣ ಕೈ ಬೋರ್ಡ್ ಒರೆಸುತ್ತಿದೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದೆ.

ಎದ್ದು ಹೋಗಬೇಕು. ಮೊದಲು ಏನು ಹೇಳಲಿ... ನೀನು ಓದಿಯೇ ಹಾಕಿದ್ದೆ ಮಗೂ, ನಾನೇ ಓದದೆ ಸೀಲು ಒತ್ತಿದೆ. ಪೆನ್ನು ಚೀಲಕ್ಕೆ ಹಾಕುತ್ತಿದ್ದೇನೆ.