ನೀಲಿ ಮುಚ್ಚಳ

ಬೆಸಗರಹಳ್ಳಿ
9 ನವೆಂಬರ್ 2025, ಭಾನುವಾರ

ಪ್ರೀತಿಯ ಅಣ್ಣ,

ಜೈಭೀಮ್. ಬಳ್ಳಾರಿಯಲ್ಲಿ ನೀನು, ಅತ್ತಿಗೆ, ಮಗು ಶೋಭಿತಾ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಇಲ್ಲಿ ಅಪ್ಪ ಅವ್ವ ಗಟ್ಟಿಯಾಗಿದ್ದಾರೆ. ಅಪ್ಪನ ಕಣ್ಣಿನ ಪೊರೆ ಇನ್ನೂ ಬಲಿಯಬೇಕಂತೆ, ಬೇಸಿಗೆಯ ಹೊತ್ತಿಗೆ ಆಪರೇಷನ್ ಮಾಡುತ್ತಾರೆ. ತಮ್ಮ ಮಹದೇವು ಈ ಹೊತ್ತು ಎಳನೀರಿನ ಲೋಡು ಹಾಕಿಕೊಂಡು ಹೈದರಾಬಾದಿನ ದಾರಿಯಲ್ಲಿದ್ದಾನೆ. ಅಂದರೆ ಲಾರಿ ಓಡುತ್ತಿದೆ. ಮೊದಲು ಈ ಸುದ್ದಿ ನಿನಗೆ ಮುಟ್ಟಲಿ.

ನಿನ್ನ ಪತ್ರಕ್ಕೆ ಉತ್ತರಿಸಲು ತಡವಾಯಿತು, ಕ್ಷಮಿಸು. ಫೋನಿನಲ್ಲಿ ಕೇಳಿದಾಗಲೂ 'ಬರೆಯುತ್ತೇನೆ' ಎಂದು ಇಟ್ಟುಬಿಟ್ಟೆ. ಫೋನಿನಲ್ಲಿ ನೀನು ಪ್ರಶ್ನೆ ಕೇಳುತ್ತೀಯ, ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತೇನೆ. ಕೊನೆಗೆ ನಾನು ಹೇಳಬೇಕೆಂದಿದ್ದ ಮಾತು ನನ್ನಲ್ಲೇ ಉಳಿದಿರುತ್ತದೆ. ವಕೀಲರ ತಂಗಿಗೆ ಇದು ರೂಢಿ. ಬರೆಯಲು ಕೂತು ಎರಡು ಸಲ ಹರಿದೂ ಹಾಕಿದೆ. ಏಕೆಂದು ಓದಿದರೆ ನಿನಗೇ ತಿಳಿಯುತ್ತದೆ.

ಲಾರಿಯ ವಾರಂಟಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅದಕ್ಕೆ ಮೊದಲೇ ಕಂಪನಿಗೆ ನೋಟಿಸು ಹೋಗಬೇಕು, ಬಿಲ್ಲು, ಸರ್ವಿಸ್ ಸೆಂಟರಿನ ಜಾಬ್ ಕಾರ್ಡು, ಫೋಟೊ ಎಲ್ಲ ಕಳಿಸು ಎಂದು ಕೇಳಿದ್ದೀಯ. ಅಣ್ಣ, ನಾನು ಅವನ್ನು ಕಳಿಸುವುದಿಲ್ಲ. ನೀನೂ ನೋಟಿಸು ಕಳಿಸಬೇಡ. ಇದು ನನ್ನ ಕೋರಿಕೆ. ಕಾರಣವನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ದಸರಾ ಕಳೆದ ಮೇಲೆ ಲಾರಿ ಎಳೆತ ಕಳೆದುಕೊಂಡಿತು. ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿಕೊಂಡಿತು. ಲೋಡಿದ್ದಾಗ ಸಣ್ಣ ಏರಿನಲ್ಲೂ ಮುಂದಕ್ಕೆ ಹೋಗದು. ಮಹದೇವು ಟರ್ಬೊ ಎಂದ, ಇಂಜೆಕ್ಟರ್ ಎಂದ. ಊಟಕ್ಕೆ ಕೂತವನು ಎದ್ದು ಹೋಗಿ ಬಾನೆಟ್ಟಿಗೆ ಕಿವಿಕೊಟ್ಟು ನಿಲ್ಲುತ್ತಿದ್ದ. ಎಳನೀರು ಕೊಡುವ ಚಿಕ್ಕಬೋರಯ್ಯ ಮನೆಮುಂದೆ ಕೂತು, "ವಾರಂಟಿ ಮುಗಿಯಾಕೂ ಸಾಮಾನು ಕೆಡಾಕೂ ಕಂಪ್ನಿಯೋರೇ ಮೂರ್ತ ಇಟ್ಟಿರ್ತಾರೆ ಕಣ್ಲಾ ಮಾದೇವ. ನಿನ್ ಗಾಡಿ ಮೂರ್ತುಕ್ಕೆ ಸರ್ಯಾಗ್ ಬಂದದೆ ಬುಡು" ಎಂದು ನಗಿಸಿದ. ಮಹದೇವು ನಗಲಿಲ್ಲ. ವಾರಂಟಿ ಇರುವಷ್ಟರಲ್ಲೇ ಕೆಟ್ಟಿತಲ್ಲ, ಕಂಪನಿಯೇ ಸರಿಮಾಡಿ ಕೊಡುತ್ತದೆ ಎಂಬುದೊಂದೇ ಅವನಿಗಿದ್ದ ಧೈರ್ಯ.

ಮಂಡ್ಯದ ಹತ್ತಿರ ಹೆದ್ದಾರಿಯಲ್ಲಿರುವ ಸರ್ವಿಸ್ ಸೆಂಟರಿಗೆ ಹೋದೆವು. ಅಪ್ಪನ ಕಣ್ಣು ತೋರಿಸಬೇಕಿತ್ತು, ಅದಕ್ಕೆ ಲೈಬ್ರರಿಗೆ ರಜೆ ಹಾಕಿ ನಾನೂ ಹೊರಟೆ. ಅಪ್ಪ ಕ್ಯಾಬಿನ್ನಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ಮದ್ದೂರಿನ ಮಾರುಕಟ್ಟೆಯಲ್ಲಿ ಅಷ್ಟು ವರ್ಷ ಬೇರೆಯವರ ಲಾರಿಗಳಿಗೆ ಎಳನೀರು ತುಂಬಿದವರು, ಆ ಲೋಡಿನ ಮೇಲೆಯೇ ಕೂತು ಊರಿಗೆ ಬರುತ್ತಿದ್ದವರು. ಈಗ ಕಿಟಕಿಯಿಂದ ಮೊಣಕೈ ಹೊರಗಿಟ್ಟು, ಎದುರು ಸಿಕ್ಕ ಪರಿಚಯದವರಿಗೆಲ್ಲ ತಲೆ ಆಡಿಸುತ್ತ ಬರುತ್ತಾರೆ. ನೀನು ಅದನ್ನು ನೋಡಿಲ್ಲ. ನೋಡಬೇಕು.

ಅಲ್ಲಿ ರಘುನಂದನ್ ಎಂಬ ಹುಡುಗ ಗಾಡಿ ಪರೀಕ್ಷೆ ಮಾಡುವವನು. ನಮ್ಮ ಕಡೆಯವನೇ, ಮರ್ಯಾದಸ್ಥ. ಎಲ್ಲರಿಗೂ ಕುರ್ಚಿ ಹಾಕಿಸಿದ. ಅಪ್ಪ ಕೂರಲಿಲ್ಲ. ಬೂಟು ಹಾಕಿಕೊಂಡವರು ಎದುರಿಗೆ ಬಂದರೆ ಅವರು ಏನು ಮಾಡುತ್ತಾರೆಂದು ನಿನಗೆ ಗೊತ್ತು. ಹೆಗಲ ಮೇಲಿನ ಟವೆಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತರು. ನಾವು ಮೂವರೂ ಎಷ್ಟು ಹೇಳಿದರೂ ಆ ಒಂದು ಅಭ್ಯಾಸ ಹೋಗಿಲ್ಲ. ಆಮೇಲೆ ಬಾಗಿಲಿನಾಚೆ ಹೋಗಿ ನಲ್ಲಿಯ ಹತ್ತಿರ ನಿಂತುಕೊಂಡರು.

ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕಿದೆ. ಹೊಗೆಯ ವಿಷ ಕಳೆಯುವ ನೀರನ್ನು ಅದಕ್ಕೆ ತುಂಬಬೇಕು. ಬಕೆಟ್ಟಿನಲ್ಲಿ ಬರುತ್ತದೆ, ಡ್ರೈವರುಗಳು ಅದನ್ನು ಯೂರಿಯಾ ಎಂದೇ ಕರೆಯುತ್ತಾರೆ. ನಿಜಕ್ಕೂ ಅದು ಯೂರಿಯಾವೇ, ಆದರೆ ಬಹಳ ಶುದ್ಧವಾದದ್ದು. ರಘುನಂದನ್ ಆ ಮುಚ್ಚಳ ತಿರುಗಿಸಿ ಬಗ್ಗಿದವನು ತಟಕ್ಕನೆ ತಲೆ ಎತ್ತಿದ.

"ಬೇವಿನ ವಾಸ್ನೆ ಬತ್ತಾ ಅದಲ್ಲ ಮಹದೇವು ಅವ್ರೆ. ಗದ್ದೆ ಯೂರಿಯಾ ಕರಗಿಸಿ ಹಾಕಿದ್ದೀರಾ?"

ಗದ್ದೆಗೆ ಹಾಕುವ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತದೆ. ಅದು ಒಳಗೆ ಹೋಗಿ ಪಂಪು, ಪೈಪು ಎಲ್ಲ ಕಟ್ಟಿಕೊಂಡು, ಹೊಗೆ ತೊಳೆಯುವ ಭಾಗವೇ ಹಾಳಾಗಿತ್ತು. ನಮ್ಮ ಕಡೆ ಮನೆಮನೆಯಲ್ಲೂ ಆ ಚೀಲ ಇರುತ್ತದಾದ್ದರಿಂದ ಹೀಗೆ ಮಾಡುವವರು ಬಹಳ ಜನವಂತೆ. ಹಾಗೆ ಹಾಕಿದ್ದರೆ ವಾರಂಟಿ ನಡೆಯುವುದಿಲ್ಲ, ಪುಸ್ತಕದಲ್ಲಿ ಅಚ್ಚಾಗಿದೆ. ನಾನೂ ಓದಿ ನೋಡಿದೆ.

ನಾನು ಮಹದೇವುವಿನ ಮುಖ ನೋಡುತ್ತಿದ್ದೆ. ಅವನೂ ಬಗ್ಗಿ ಒಮ್ಮೆ ಮೂಸಿದ. ಆಮೇಲೆ ಗಾಜಿನ ಬಾಗಿಲಿನಾಚೆ ನೋಡಿದ. ಅಪ್ಪನ ಕಂಕುಳಲ್ಲಿ ಆ ಟವೆಲಿತ್ತು. ಎರಡು ವಾರದಿಂದ ಅದು ಬೇವಿನ ವಾಸನೆ ಹೊಡೆಯುತ್ತಿತ್ತು. ಗದ್ದೆಗೆ ಗೊಬ್ಬರ ಎರಚಿ ಬಂದಿರಬೇಕೆಂದು ನಾವು ಅಂದುಕೊಂಡಿದ್ದೆವು.

"ನಾನೇ ಆಕ್ದೆ ಸಾರ್" ಅಂದ.

ಅಣ್ಣ, ಆ ನೀಲಿ ಮುಚ್ಚಳ ತೆಗೆಯುವ ಮೊದಲು ಅದರ ಸುತ್ತಲ ಧೂಳನ್ನು ಒಗೆದ ಬಟ್ಟೆಯಿಂದ ಒರೆಸುವವನು ಮಹದೇವು. ಬಕೆಟ್ಟಿನ ಸೀಲು ಒಡೆದಿದ್ದರೆ ವಾಪಸು ಕೊಟ್ಟು ಬರುವವನು. ಅದು ರಘುನಂದನ್‌ಗೆ ಗೊತ್ತಿಲ್ಲವಲ್ಲ. ಆದರೂ ಪಾಪ, ಅವನು ಒಂದು ದಾರಿ ತೋರಿಸಿದ. "ಹೊರಗಡೆ ಎಲ್ಲಾರ ಬಂಕಲ್ಲಿ ತುಂಬಿಸಿದ್ರಾ ನೋಡಿ. ಬಿಲ್ ಇದ್ರೆ ಅವ್ರ ಮೇಲೆ ಬರೀಬೋದು."

"ಬಂಕ್ನೋರು ಏನೂ ಮಾಡಿಲ್ಲ ಸಾರ್. ಸುಮ್ನೆ ಅವ್ರ್ ಮ್ಯಾಲ್ ಯಾಕೆ? ದುಡ್ಡು ಉಳ್ಸವ ಅಂತ ನಾನೇ ಆಕ್ಬುಟ್ಟೆ."

"ಪುಸ್ತಕ ಓದಲ್ವೇನ್ರಿ ನೀವು? ಇಷ್ಟ್ ದೊಡ್ ಗಾಡಿ ಇಟ್ಕಂಡು ಒಂದ್ ಬಕೆಟ್ ನೀರಿಗೆ ಜುಗ್ಗತನ ಮಾಡಿದ್ರಲ್ಲ" ಎಂದು ರಘುನಂದನ್ ಸ್ವಲ್ಪ ಗಟ್ಟಿಯಾಗಿಯೇ ಅಂದ. ಅಲ್ಲಿದ್ದ ಬೇರೆ ಡ್ರೈವರುಗಳು ತಿರುಗಿ ನೋಡಿದರು. ಒಬ್ಬ, "ಗಾಡಿಗೇನ್ ಭತ್ತ ನಾಟಿ ಮಾಡಿದ್ಯಾ ಗುರು" ಎಂದು ಕೇಳಿದ. ಎಲ್ಲರೂ ನಕ್ಕರು. ಮಹದೇವುವೂ ನಕ್ಕ. ಆ ನಗುವನ್ನು ನಾನು ಬಹಳ ದಿನ ಮರೆಯಲಾರೆ. ಅದರಲ್ಲಿ ನೋವಾಗಲಿ ತ್ಯಾಗ ಮಾಡುತ್ತಿದ್ದೇನೆಂಬ ಭಾವವಾಗಲಿ ಇರಲಿಲ್ಲ. ಕಾಲಿಗೆ ತೊಡರಿದ ಕಲ್ಲನ್ನು ಹಿಂದೆ ಬರುವವರಿಗಾಗಿ ಬದಿಗೆ ಸರಿಸಿದ ಹಾಗಿತ್ತು.

ಲಾರಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸು ಬಂದೆವು. ಅಪ್ಪ ಮುಂದಿನ ಸೀಟಿನಲ್ಲಿದ್ದರು. ಹಿಂದೆ ಕೂತು ನಾನು ಮೆಲ್ಲಗೆ, "ನೀನ್ ಹಾಕಿಲ್ಲ ಕಣೋ" ಎಂದೆ.

"ಯಾರಾಕುದ್ರೇನಕ್ಕ? ಟ್ಯಾಂಕ್ ನಂದು."

"ಅಪ್ಪಂಗೆ ಹೇಳದೆ ಇದ್ರೆ ಇನ್ನೊಂದ್ಸಲ ಹಾಕ್ತಾರೆ."

"ಯೋಳುದ್ರೆ ಇನ್ನೊಂದ್ಸಲ ಗಾಡಿನೇ ಅತ್ತಕಿಲ್ಲ. ಅಪ್ಪ ಕಿಟ್ಕಿ ಪಕ್ಕ ಕೂರ್ದೆ ಇದ್ರೆ ಆ ಗಾಡಿ ನಂಗ್ಯಾಕಕ್ಕ? ನೀ ಸುಮ್ಕಿರು, ಏನಾರ ಮಾಡ್ತೀನಿ."

ಉಳಿದದ್ದನ್ನು ಅವ್ವನಿಂದ ತಿಳಿದುಕೊಂಡೆ. ಮಾರುಕಟ್ಟೆಯಲ್ಲಿ ಯಾರೋ ಡ್ರೈವರು ಹಾಗೆ ತುಂಬುವುದನ್ನು ಅಪ್ಪ ನೋಡಿದ್ದರಂತೆ. ಮಗ ಪ್ರತಿಸಲ ಬಕೆಟ್ಟು ಕೊಳ್ಳುತ್ತಾನೆ, ಮನೆಯಲ್ಲಿ ಚೀಲವಿದೆ, ಗದ್ದೆಗೆ ಸಾಕಾಗಿ ಮಿಕ್ಕಿದೆ. ಡ್ರಮ್ಮು ತೊಳೆದು, ಕುಡಿಯುವ ನೀರಿನಲ್ಲೇ ಕರಗಿಸಿ, ಹೊಸ ಪಂಚೆಯಲ್ಲಿ ಸೋಸಿ, ಸಾಲದೆಂದು ಟವೆಲಿನಲ್ಲೂ ಸೋಸಿ ತುಂಬಿದ್ದಾರೆ. "ನಂಗ್ ಕಾಫಿ ಸೋಸ್ಕೊಡು ಅಂದ್ರೆ ಒಂದಿನ ಸೋಸ್ದೋರಲ್ಲ. ಗಾಡಿಗಾದ್ರೆ ಅಂಗ್ ಸೋಸುದ್ರು ಕಣವ್ವ, ಪಂಚೆ ಆಳ್ ಮಾಡ್ಕಂಡು" ಎಂದು ಅವ್ವ ಬಯ್ದಳು. ಅದರಿಂದ ಲಾರಿ ಕೆಟ್ಟಿತೆಂದು ಅವ್ವನಿಗೆ ತಿಳಿಯದು. ನಾನೂ ಹೇಳಲಿಲ್ಲ.

ರಿಪೇರಿ ನಮ್ಮ ಖರ್ಚಿನಲ್ಲೇ ಆಯಿತು. ಅಷ್ಟು ದಿನವೂ ಮಹದೇವು ಮಳವಳ್ಳಿಯವರೊಬ್ಬರ ಲಾರಿಗೆ ಸಂಬಳದ ಡ್ರೈವರಾಗಿ ಹೋದ. ಸ್ವಂತ ಗಾಡಿ ಇರುವವನು ಇನ್ನೊಬ್ಬರ ಗಾಡಿಗೆ ಹತ್ತಿದ್ದನ್ನು ಕಂಡು ಚಿಕ್ಕಬೋರಯ್ಯ ಏನೇನೋ ಅಂದ. "ಬದ್ಲಿ ಗಾಡಿ ಓಡ್ಸುದ್ರೆ ಕೈ ಸಡ್ಲಾಯ್ತದೆ ಚಿಕ್ಕಬೋರಣ್ಣ" ಎಂದಷ್ಟೇ ಹೇಳಿ ಹೋದ.

ಲಾರಿ ಮನೆಗೆ ಬಂದ ದಿನ ಏನು ಮಾಡಿದ ಗೊತ್ತೆ? ಸೀಲು ಒಡೆಯದ ಒಂದು ಬಕೆಟ್ಟು ತಂದು ಅಪ್ಪನ ಮುಂದಿಟ್ಟ.

"ಅಪ್ಪಾ, ಕಂಪ್ನಿಯೋರು ಒಂದ್ ಮಾತ್ ಯೋಳವ್ರೆ. ಈ ನೀರ್ನ ದಿನಕ್ಕೊಬ್ರು ಆಕ್ಬಾರ್ದಂತೆ. ಒಬ್ರೇ ಆಕ್ಬೇಕಂತೆ, ಕೈ ನಿಗಾ ಇರೋರು. ನಂಗ್ ಅರ್ಜೆಂಟು, ಚೆಲ್ಬುಡ್ತೀನಿ. ಇನ್ ಮ್ಯಾಲೆ ನೀನೇ ಆಕು. ಬಕೆಟ್ಟು ನಾನ್ ತತ್ತೀನಿ, ಬ್ಯಾರೆ ಏನೂ ಬ್ಯಾಡ."

ಅಪ್ಪ ಬಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸೋಸ್ಬೇಕಾ?"

"ಬ್ಯಾಡ. ಕಂಪ್ನಿಯೋರೇ ಸೋಸವ್ರೆ."

ಅಪ್ಪ ಮುಚ್ಚಳದ ಸುತ್ತ ಒರೆಸಿ, ಒಂದು ಹನಿಯೂ ಚೆಲ್ಲದೆ ತುಂಬಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಪ್ಪು ಮಾಡಿದ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವುದು ಸುಲಭ. ಅವನು ಅದೇ ಕೈಗೆ ಆ ಕೆಲಸವನ್ನು ವಹಿಸಿಕೊಟ್ಟ. ನೀನು ಹೋದ ತಿಂಗಳು ಅಂಚೆಯಲ್ಲಿ ಕಳಿಸಿದ ಜಪಾನಿ ಕಾದಂಬರಿಯಲ್ಲಿ ಎಲ್ಲರೂ ಮುಖ್ಯವಾದ ಮಾತು ಬಿಟ್ಟು ಚಹಾದ ಬಗ್ಗೆಯೇ ಮಾತಾಡುತ್ತಾರೆ, ಅನುವಾದದಲ್ಲಿ ಏನೋ ಬಿಟ್ಟುಹೋಗಿದೆ ಎಂದು ನಿನಗೆ ಹೇಳಿದ್ದೆ. ಏನೂ ಬಿಟ್ಟುಹೋಗಿಲ್ಲ. ಮತ್ತೆ ಓದುತ್ತಿದ್ದೇನೆ.

ಇನ್ನು ನಿನ್ನ ನೋಟಿಸು. ನೀನು ಕಳಿಸಿದರೆ ಕಂಪನಿಯವರು ಟ್ಯಾಂಕಿನ ಪರೀಕ್ಷೆಯ ವರದಿ ಮುಂದಿಡುತ್ತಾರೆ. ಯಾರು ಹಾಕಿದರು ಎಂದು ಕೇಳುತ್ತಾರೆ. ನೀನೂ ಕೇಳುತ್ತೀಯ, ಅದು ನಿನ್ನ ವೃತ್ತಿ. ಮಹದೇವು ಸುಳ್ಳಿನ ಮೇಲೆ ಪ್ರಮಾಣ ಮಾಡಬೇಕು, ಇಲ್ಲವೇ ಅಪ್ಪನ ಹೆಸರು ಹೇಳಬೇಕು. ಎರಡೂ ಬೇಡ. ನಮ್ಮ ಬೀದಿಯಲ್ಲಿ ಮೊದಲು ಕರಿ ಕೋಟು ಹಾಕಿದವನು ನೀನು. ಆ ಕೋಟಿನಿಂದ ಎಷ್ಟು ಜನರ ಜಮೀನು ಉಳಿದಿದೆ ಎಂದು ನನಗೆ ಗೊತ್ತು, ಊರಿನಲ್ಲಿ ಹೇಳಿಕೊಳ್ಳುತ್ತೇನೆ ಕೂಡ. ಈ ಒಂದು ಸಲ ಗೆಲ್ಲುವ ಕೇಸನ್ನು ಬಿಟ್ಟುಬಿಡು ಎಂದು ನಾನು ಕೇಳುತ್ತಿಲ್ಲ. ಇದರಲ್ಲಿ ಮಹದೇವು ಆಗಲೇ ಗೆದ್ದಿದ್ದಾನೆ.

ಮೊನ್ನೆ ನೀನು ಫೋನಿನಲ್ಲಿ ಅವನಿಗೆ, "ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು" ಎಂದೆಯಂತೆ. ಅವನು ಬೇಸರ ಮಾಡಿಕೊಂಡಿಲ್ಲ. "ಅಣ್ಣ ನಮ್ ಪರ್ವಾಗೇ ಬಯ್ತಾ ಅವ್ನೆ ಬುಡಕ್ಕ" ಅಂದ.

ಅತ್ತಿಗೆಗೆ ನನ್ನ ನೆನಪು ತಿಳಿಸು. ಶೋಭಿತಾಳ ತಲೆಯ ಮೇಲೆ ಕೈಯಿಟ್ಟು, ಅತ್ತೆ ಕೇಳಿದಳೆಂದು ಹೇಳು. ಬುದ್ಧನ ಕರುಣೆ ನಿಮ್ಮ ಮನೆಯೊಳಗೂ ನಿಮ್ಮ ಮಾತಿನೊಳಗೂ ಇರಲಿ.

ನಿನ್ನ ತಂಗಿ,
ಪ್ರಿಯಾಂಕ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅಪ್ಪನಿಗೆ ಎಲ್ಲ ಗೊತ್ತು. ಸರ್ವಿಸ್ ಸೆಂಟರಿನ ಆ ಗಾಜಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಿನ್ನೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅವರೇ ಬಾಯಿಬಿಟ್ಟರು. "ಮಾದೇವು ನನ್ ಮಾನ ಉಳ್ಸ್ದ ಕಣವ್ವ. ನಂಗೊತ್ತು ಅಂತ ಅವುನ್ಗೆ ಗೊತ್ತಾಗದ್ ಬ್ಯಾಡ. ಅವುನ್ ಕುಸಿಗೆ ಬಕೆಟ್ ಆಕ್ತಾ ಇರ್ತೀನಿ." ಆಮೇಲೆ ನಿನ್ನ ಹೆಸರೆತ್ತಿ, "ಪ್ರಸನ್ನಂಗ್ ಮಾತ್ರ ಯೋಳ್ಬ್ಯಾಡ" ಅಂದರು. ಜಮೀನು ಭಾಗ ಮಾಡುವ ಪೋಡಿ ಕಾಗದಕ್ಕೆ ಅಪ್ಪ ಓದಿಸದೆ ರುಜು ಹಾಕಿದ್ದಕ್ಕೆ ನೀನು ಅಂದು ಅಷ್ಟು ಜನರ ಮುಂದೆ ಆಡಿದ ಮಾತು ನಿನಗೆ ಮರೆತಿರಬಹುದು. "ಅವನೂ ನಿನ್ ಮಗನೇ ಅಲ್ವಾ ಅಪ್ಪ" ಎಂದೆ. "ಮಗ್ನೇ ಕಣವ್ವ" ಎಂದವರು ಎದ್ದು ನಿಂತರು. ಮಡಿಲಿನ ಅವರೆಕಾಯಿ ಎಲ್ಲ ಚೆಲ್ಲಿತು. ಹೆಗಲ ಮೇಲಿನ ಟವೆಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, "ಅವ್ರು ಲಾಯರು" ಅಂದರು.

ಹೇಳಬೇಡ ಎಂದದ್ದನ್ನು ನಿನಗೆ ಹೇಳಿದ್ದೇನೆ. ಈ ಸಲ ನೀನು ಊರಿಗೆ ಬಂದಾಗ, ಅಪ್ಪ ಏಳುವುದಕ್ಕೆ ಮೊದಲೇ ನೀನು ಅವರ ಪಕ್ಕ ನೆಲದ ಮೇಲೆ ಕೂತುಬಿಡು, ಅಣ್ಣ.